ಹೃದಯಕ್ಕೆ ತೇಪೆ ಹಾಕಬಹುದೇ?

ಕೈ ಕೊಯ್ದುಕೊಂಡರೆ ಎಂಟು ಹತ್ತು ದಿನಗಳಲ್ಲಿ ಗಾಯ ಮಾಯ್ದು ಹೊಸ ಚರ್ಮ ಬರುತ್ತದೆ. ಮೂಳೆ ಮುರಿದರೆ ಕಟ್ಟು ಹಾಕಿಸಿಕೊಂಡು ಒಂದೆರಡು ತಿಂಗಳು ತಾಳಿದರೆ ಕೂಡಿಕೊಳ್ಳುತ್ತದೆ. ಆದರೆ ಹೃದಯಾಘಾತದಿಂದ ಬದುಕಿ ಮನೆಗೆ ಬಂದವನು ಎಷ್ಟೋ ವೇಳೆ ಮೊದಲಿನಂತಾಗುವುದಿಲ್ಲ. ಎರಡು ಮಹಡಿ ಹತ್ತಿದರೆ ಏದುಸಿರು. ಲೋಕಲ್ ಗಾಡಿ ಹಿಡಿಯಲು ನಾಲ್ಕು ಹೆಜ್ಜೆ ಓಡಿದರೆ ಸುಸ್ತು. ಸಂಜೆಯಾಗುತ್ತಲೂ ಕಾಲಿಗೆ ಬಾವು. ದೇಹದ ಬೇರೆ ಭಾಗಗಳು ತಮ್ಮ ಗಾಯವನ್ನು ತಾವೇ ಸರಿಪಡಿಸಿಕೊಳ್ಳುವಾಗ ಹೃದಯವೊಂದೇ ಏಕೆ ಸೋಲುವುದು?

ಈಚೆಗೆ "ಪ್ರಯೋಗಶಾಲೆಯಲ್ಲಿ ಹೃದಯ ಬೆಳೆಯಿತು" ಎಂಬಂಥ ಸುದ್ದಿಗಳು ಪತ್ರಿಕೆಗಳಲ್ಲಿ ಬರುತ್ತಿವೆ. ಅವುಗಳಲ್ಲಿ ನಿಜವೆಷ್ಟು, ಆಸೆಯೆಷ್ಟು, ನಮ್ಮಂಥ ದುಡಿಯುವ ಜನರಿಗೆ ಅದರಿಂದ ಇಂದು ಸಿಗುವುದೇನು, ಎಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಸತ್ತ ಸ್ನಾಯು ಮರಳಿ ಬಾರದು

ಹೃದಯವೆಂದರೆ ಮುಷ್ಟಿಯ ಗಾತ್ರದ, ಸುಮಾರು ೩೦೦ ಗ್ರಾಂ ತೂಕದ ಒಂದು ಪಂಪು. ದಿನಕ್ಕೆ ಸುಮಾರು ಒಂದು ಲಕ್ಷ ಸಲ ಮಿಡಿಯುತ್ತ, ನಿಮಿಷಕ್ಕೆ ಸುಮಾರು ೫ ಲೀಟರ್ ರಕ್ತವನ್ನು ಅದು ಮೈಗೆಲ್ಲ ಒತ್ತಿ ಕಳುಹಿಸುತ್ತದೆ. ಈ ಕೆಲಸ ಮಾಡುವುದು ಅದರ ಗೋಡೆಯಲ್ಲಿರುವ ಸ್ನಾಯುಕೋಶಗಳು. ಹೆಚ್ಚಿನ ದುಡಿಮೆಯೆಲ್ಲ ಎಡಭಾಗದ ಕೆಳಕೋಣೆಯದು. ಅಲ್ಲಿ ಇಂಥ ಕೋಶಗಳು ಕೆಲವು ನೂರು ಕೋಟಿ ಇವೆ.

ಮೈಗೆಲ್ಲ ರಕ್ತ ಹಂಚುವ ಹೃದಯಕ್ಕೂ ತನ್ನ ಪಾಲಿನ ರಕ್ತ ಬೇಕು. ಅದನ್ನು ತರುವ ಧಮನಿಗಳ ಒಳಗೋಡೆಯಲ್ಲಿ ಕೊಬ್ಬು ಕಟ್ಟಿಕೊಂಡು, ಆ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿತೆಂದರೆ ದಾರಿ ಮುಚ್ಚಿತು. ರಕ್ತ ನಿಂತ ಅರ್ಧ ಗಂಟೆಯೊಳಗಾಗಿ ಆ ಭಾಗದ ಕೋಶಗಳು ಸಾಯತೊಡಗುತ್ತವೆ. ದೊಡ್ಡ ಆಘಾತವಾದರೆ ೧೦೦ ಕೋಟಿಯಷ್ಟು ಕೋಶಗಳು ನಾಶವಾಗಬಹುದು. ಅವುಗಳ ಸ್ಥಾನದಲ್ಲಿ ಹುಟ್ಟುವುದು ಬರಿಯ ಗಾಯದ ಕಲೆ. ಅದು ಗೋಡೆ ಒಡೆಯದಂತೆ ತಡೆಯುತ್ತದೆಯೇ ಹೊರತು ಸಂಕುಚಿಸಲಾರದು. ನಾಲ್ವರು ಹೊರುವ ಹೊರೆ ಮೂವರ ಮೇಲೆ ಬಿದ್ದರೆ ಆ ಮೂವರೂ ಬೇಗ ದಣಿಯುವರಷ್ಟೆ. ಹಾಗೆಯೇ ಉಳಿದ ಸ್ನಾಯು ಅತಿಯಾಗಿ ದುಡಿದು, ಹೃದಯ ಹಿಗ್ಗಿ, ವರ್ಷಗಳು ಕಳೆದಂತೆ ಬಲಗುಂದುತ್ತದೆ. ಇದನ್ನೇ ಹೃದಯ ವೈಫಲ್ಯವೆನ್ನುವುದು.

ಹೃದಯ ಹೊಸ ಸ್ನಾಯುವನ್ನು ಹುಟ್ಟಿಸುವುದೇ ಇಲ್ಲವೇ? ಇದಕ್ಕೆ ಉತ್ತರ ದೊರೆತ ಬಗೆ ವಿಚಿತ್ರವಾಗಿದೆ. ೧೯೬೩ರ ಒಪ್ಪಂದಕ್ಕೆ ಮುಂಚೆ ದೊಡ್ಡ ರಾಷ್ಟ್ರಗಳು ಬಯಲಿನಲ್ಲಿ ಸಿಡಿಸಿದ ಪರಮಾಣು ಬಾಂಬುಗಳಿಂದ ಗಾಳಿಯಲ್ಲಿ 'ಕಾರ್ಬನ್-೧೪' ಎಂಬ ವಿಕಿರಣಶೀಲ ಇಂಗಾಲ ಹೆಚ್ಚಿತು. ಪರೀಕ್ಷೆಗಳು ನಿಂತ ಮೇಲೆ ವರ್ಷ ವರ್ಷವೂ ಇಳಿಯುತ್ತ ಬಂತು. ಯಾವ ವರ್ಷ ಒಂದು ಕೋಶ ಹುಟ್ಟಿತೋ ಆ ವರ್ಷದ ಗುರುತು ಅದರೊಳಗೆ ಉಳಿಯಿತು. ಸ್ವೀಡನ್ನಿನ ಯೋನಾಸ್ ಫ್ರಿಸೆನ್ ಮತ್ತು ಅವರ ಸಹೋದ್ಯೋಗಿಗಳು ಈ ಗುರುತಿನಿಂದ ಹೃದಯದ ಕೋಶಗಳ ವಯಸ್ಸನ್ನು ಲೆಕ್ಕಹಾಕಿ ೨೦೦೯ರಲ್ಲಿ ಪ್ರಕಟಿಸಿದರು. ೨೫ನೆಯ ವಯಸ್ಸಿನಲ್ಲಿ ವರ್ಷಕ್ಕೆ ನೂರಕ್ಕೆ ಒಂದರಷ್ಟು ಕೋಶಗಳು ಹೊಸದಾಗುತ್ತವೆ. ೭೫ನೆಯ ವಯಸ್ಸಿಗೆ ಅದು ಅರ್ಧಕ್ಕಿಂತಲೂ ಕಡಿಮೆ. ಅಂದರೆ ಹೃದಯದಲ್ಲಿ ಆದಾಯ ಇಲ್ಲವೆಂದಲ್ಲ. ಒಂದೇ ದಿನ ಆಗುವ ದೊಡ್ಡ ನಷ್ಟವನ್ನು ತುಂಬಿಕೊಡುವಷ್ಟು ಇಲ್ಲ.

ಬದಲಿ ಹೃದಯದ ದಾರಿ

ಕೆಟ್ಟ ಹೃದಯವನ್ನೇ ತೆಗೆದು ಬೇರೊಂದನ್ನು ಇಡುವುದು ಒಂದು ಉಪಾಯ. ೧೯೬೭ರ ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ ಡಾ. ಕ್ರಿಸ್ಟಿಯಾನ್ ಬರ್ನಾರ್ಡರು ಮನುಷ್ಯನ ಹೃದಯವನ್ನು ಇನ್ನೊಬ್ಬನಿಗೆ ಮೊದಲ ಬಾರಿ ಜೋಡಿಸಿದರು. ರೋಗಿ ೧೮ ದಿನ ಬದುಕಿದ. ಎರಡೇ ತಿಂಗಳ ಮೇಲೆ, ೧೯೬೮ರ ಫೆಬ್ರವರಿಯಲ್ಲಿ, ನಮ್ಮ ಮುಂಬಯಿಯ ಪರೇಲಿನ ಕೆ. ಇ. ಎಂ. ಆಸ್ಪತ್ರೆಯಲ್ಲಿ ಡಾ. ಪಿ. ಕೆ. ಸೇನ್ ಅವರು ಅದೇ ಸಾಹಸ ಮಾಡಿದರು. ರೋಗಿ ಕೆಲವೇ ಗಂಟೆ ಬದುಕಿದನಾದರೂ ಭಾರತದಲ್ಲಿ ಅದೇ ಮೊದಲನೆಯದು. ಯಶಸ್ವಿ ಜೋಡಣೆಗಾಗಿ ದೇಶ ೧೯೯೪ರ ತನಕ ಕಾಯಬೇಕಾಯಿತು. ಆ ವರ್ಷ ಅಂಗದಾನದ ಕಾನೂನು ಬಂದ ಮೇಲೆ ದಿಲ್ಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಡಾ. ಪಿ. ವೇಣುಗೋಪಾಲರು ಅದನ್ನು ಸಾಧಿಸಿದರು.

ಆದರೆ ದಾನವಾಗಿ ಬರುವ ಹೃದಯಗಳು ಬೆರಳೆಣಿಕೆಯವು, ಬೇಕಾದವರು ಅಸಂಖ್ಯ. ಜೋಡಿಸಿದ ಮೇಲೂ ದೇಹವು ಪರರ ಅಂಗವನ್ನು ತಿರಸ್ಕರಿಸದಂತೆ ಜೀವಮಾನವಿಡೀ ಔಷಧ ಸೇವಿಸಬೇಕು. ಇಡೀ ಅಂಗಿಯನ್ನು ಬದಲಿಸುವುದಕ್ಕಿಂತ ಹರಿದ ಜಾಗಕ್ಕೆ ಅದೇ ಜಾತಿಯ ಬಟ್ಟೆಯ ತೇಪೆ ಹಾಕಿದರಾಗದೇ ಎಂಬ ಯೋಚನೆ ಇಲ್ಲಿಂದ ಬೆಳೆಯಿತು.

ನೂಲು ಎಲ್ಲಿಂದ?

ಬಟ್ಟೆಗೆ ನೂಲು ಬೇಕು. ಹೃದಯದ ತೇಪೆಗೆ ಬೇಕಾದ ನೂಲು ಜೀವಂತ ಸ್ನಾಯುಕೋಶ. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಅಲೆಕ್ಸಿಸ್ ಕ್ಯಾರೆಲ್ ೧೯೧೨ರಲ್ಲಿ ಕೋಳಿಮರಿಯ ಭ್ರೂಣದ ಹೃದಯದ ಚೂರೊಂದನ್ನು ಗಾಜಿನ ಪಾತ್ರೆಯಲ್ಲಿ ಸಾಕತೊಡಗಿದರು. ಆ ಸಂತತಿಯನ್ನು ೧೯೪೬ರ ತನಕ ಕಾಪಾಡಲಾಯಿತು. 'ಸಾವಿಲ್ಲದ ಹೃದಯ' ಎಂದು ಜಗತ್ತೆಲ್ಲ ಕೊಂಡಾಡಿತು. ಆದರೆ ಉದ್ದಕ್ಕೂ ಬೆಳೆದದ್ದು ಮಿಡಿಯುವ ಸ್ನಾಯುವಲ್ಲ, ಬರಿಯ ಜೋಡಣೆಯ ಕೋಶಗಳು. ಸಾಮಾನ್ಯ ಕೋಶಗಳು ಇಂತಿಷ್ಟು ಸಲ ಮಾತ್ರ ಒಡೆದು ಹೆಚ್ಚಬಲ್ಲವೆಂದು ೧೯೬೧ರಲ್ಲಿ ಲಿಯೊನಾರ್ಡ್ ಹೇಫ್ಲಿಕ್ ತೋರಿಸಿದ ಮೇಲೆ ಆ ಕೀರ್ತಿಯೂ ಮಸುಕಾಯಿತು.

ನಿಜವಾದ ದಾರಿ ತೆರೆದದ್ದು ಪತ್ರಿಕೆಗಳು 'ಸ್ಟೆಮ್ ಸೆಲ್' ಎಂದು ಕರೆಯುವ ಆಕರಕೋಶಗಳಿಂದ. ಭ್ರೂಣದ ಆರಂಭದಲ್ಲಿ ಕೋಶಗಳಿಗೆ ಇನ್ನೂ ಉದ್ಯೋಗ ಗೊತ್ತಾಗಿರುವುದಿಲ್ಲ. ಚರ್ಮವಾಗಲಿ ನರವಾಗಲಿ ಹೃದಯವಾಗಲಿ ಯಾವುದಾದರೂ ಆಗಬಲ್ಲವು. ಮನುಷ್ಯನ ಇಂಥ ಕೋಶಗಳನ್ನು ೧೯೯೮ರಲ್ಲಿ ಅಮೆರಿಕದ ಜೇಮ್ಸ್ ಥಾಮ್ಸನ್ ಬೇರ್ಪಡಿಸಿ ಬೆಳೆಸಿದರು. ಭ್ರೂಣವನ್ನು ಬಳಸುವುದು ಧರ್ಮವೇ ಎಂಬ ವಾದ ಎದ್ದಿತು. ಆಗ ಜಪಾನಿನ ಕ್ಯೋಟೋದಲ್ಲಿ ಶಿನ್ಯಾ ಯಮನಾಕ ಎಂಬವರು ಇಲಿಯ ಚರ್ಮದ ಕೋಶಗಳಿಗೆ ನಾಲ್ಕು ಜೀನುಗಳನ್ನು ಸೇರಿಸಿ, ಅವು ಮತ್ತೆ ಉದ್ಯೋಗ ಗೊತ್ತಾಗದ ಎಳೆತನಕ್ಕೆ ಮರಳುವಂತೆ ಮಾಡಿದರು. ಇದು ೨೦೦೬ರ ಮಾತು; ಮರುವರ್ಷ ಮನುಷ್ಯನ ಕೋಶಗಳಲ್ಲಿಯೂ ಸಾಧ್ಯವಾಯಿತು. ೨೦೧೨ರಲ್ಲಿ ಅವರಿಗೆ ನೊಬೆಲ್ ಬಹುಮಾನದಲ್ಲಿ ಪಾಲು ಬಂತು. ಹೀಗೆ ಎಳೆಯದಾದ ಕೋಶಗಳಿಗೆ ತಕ್ಕ ರಾಸಾಯನಿಕಗಳನ್ನು ತಕ್ಕ ದಿನಗಳಲ್ಲಿ ಉಣಿಸಿದರೆ ಎರಡು ವಾರದೊಳಗೆ ಅವು ಹೃದಯದ ಸ್ನಾಯುವಾಗಿ, ಪಾತ್ರೆಯ ತಳದಲ್ಲಿಯೇ ಮಿಡಿಯತೊಡಗುತ್ತವೆ.

ನೆಯ್ಗೆಯ ಕೆಲಸ

ಈ ಕೋಶಗಳನ್ನು ಸೂಜಿಯಿಂದ ಹೃದಯಕ್ಕೆ ಚುಚ್ಚಿದರೆ ಸಾಲದೇ? ಚುಚ್ಚಿ ನೋಡಿದ್ದಾರೆ. ಬಹುಪಾಲು ಕೋಶಗಳು ರಕ್ತದಲ್ಲಿ ಕೊಚ್ಚಿಹೋಗುತ್ತವೆ, ಇಲ್ಲವೆ ಸಾಯುತ್ತವೆ. ಬಿಡಿ ನೂಲನ್ನು ಹರಿದ ಜಾಗಕ್ಕೆ ತುರುಕಿದರೆ ತೇಪೆಯಾಗದು, ನೇಯಬೇಕು. ಕೋಶಗಳು ಒಂದಕ್ಕೊಂದು ಹೆಣೆದು ಆಗುವ ಈ ಬಟ್ಟೆಗೆ ಅಂಗಾಂಶವೆಂದು ಹೆಸರು.

ಜರ್ಮನಿಯ ಥಾಮಸ್ ಎಶೆನ್‌ಹಾಗೆನ್ ಮತ್ತು ವೋಲ್ಫ್ರಾಮ್ ಸಿಮ್ಮರ್‌ಮನ್ ೧೯೯೦ರ ದಶಕದಿಂದ ಈ ನೆಯ್ಗೆಗೆ ಕೈಹಾಕಿದರು. ಕೊಲಾಜೆನ್ ಎಂಬುದು ನಮ್ಮ ಚರ್ಮ ಮೂಳೆಗಳಲ್ಲಿ ಇರುವ ಅಂಟಿನಂಥ ವಸ್ತು. ಅದರಲ್ಲಿ ಹೃದಯದ ಕೋಶಗಳನ್ನು ಕಲಸಿ, ಅಚ್ಚಿನಲ್ಲಿ ಎರೆದು, ಎರಡು ಕಡೆಯಿಂದ ಹಿಗ್ಗಿಸಿ ಹಿಡಿದರೆ ಕೋಶಗಳು ಎಳೆತದ ದಿಕ್ಕಿಗೆ ಸಾಲಾಗಿ ಕೂಡಿ, ಒಟ್ಟಾಗಿ ಮಿಡಿಯುತ್ತವೆ. ೨೦೦೬ರಲ್ಲಿ ಇಂಥ ತೇಪೆಗಳನ್ನು ಹೃದಯಾಘಾತವಾದ ಇಲಿಗಳಿಗೆ ಹಾಕಿ ಗುಣ ಕಂಡರು. ಕಸರತ್ತಿಲ್ಲದೆ ತೋಳು ಬಲಿಯದು. ತೇಪೆಗೂ ಅದೇ ನಿಯಮ. ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯದವರು ದಿನದಿನಕ್ಕೆ ವೇಗ ಹೆಚ್ಚಿಸುವ ವಿದ್ಯುತ್ ಮಿಡಿತಗಳಿಂದ ಎಳೆಯ ಸ್ನಾಯುವನ್ನು ನಾಲ್ಕು ವಾರ ಪಳಗಿಸಿ ಬಲಪಡಿಸಿದುದನ್ನು ೨೦೧೮ರಲ್ಲಿ ವರದಿ ಮಾಡಿದರು.

ಜಪಾನಿನವರ ಬಗೆ ಬೇರೆ. ತೆರುವೊ ಒಕಾನೊ ಎಂಬವರು ಬೆಚ್ಚಗಿರುವಾಗ ಕೋಶಗಳನ್ನು ಹಿಡಿದುಕೊಳ್ಳುವ, ೩೨ ಡಿಗ್ರಿಗಿಂತ ತಂಪಾದರೆ ಬಿಟ್ಟುಕೊಡುವ ಒಂದು ಲೇಪವನ್ನು ಪಾತ್ರೆಯ ತಳಕ್ಕೆ ಬಳಸಿದರು. ಇದರಿಂದ ದೋಸೆಯನ್ನು ಕಾವಲಿಯಿಂದ ಎಬ್ಬಿಸಿದಂತೆ ಕೋಶಗಳ ತೆಳುಹಾಳೆಯನ್ನು ಹರಿಯದೆ ಎತ್ತಬಹುದು. ಇನ್ನು ಅಮೆರಿಕದ ಮಿನೆಸೋಟದಲ್ಲಿ ಡೋರಿಸ್ ಟೇಲರ್ ತಂಡದವರು ಸತ್ತ ಇಲಿಯ ಹೃದಯವನ್ನು ಸಾಬೂನಿನಂಥ ದ್ರಾವಣದಿಂದ ತೊಳೆದು, ಕೋಶವೆಲ್ಲ ಹೋಗಿ ಬರಿಯ ಬಿಳಿಯ ಹಂದರ ಉಳಿಯುವಂತೆ ಮಾಡಿ, ಅದರಲ್ಲಿ ಹೊಸ ಕೋಶಗಳನ್ನು ತುಂಬಿದರು. ಎಂಟನೆಯ ದಿನ ಅದು ಮಿಡಿಯಿತು. ಆದರೆ ೨೦೦೮ರಲ್ಲಿ ಅವರೇ ಪ್ರಕಟಿಸಿದಂತೆ, ಅದರ ಬಲ ಬೆಳೆದ ಇಲಿಯ ಹೃದಯದ ನೂರಕ್ಕೆ ಎರಡು ಪಾಲು ಮಾತ್ರ. "ಹೃದಯ ಬೆಳೆಯಿತು" ಎಂಬ ದೊಡ್ಡ ಅಕ್ಷರದ ಸುದ್ದಿ ಓದುವಾಗ ಈ ಎರಡು ಪಾಲನ್ನು ನೆನಪಿಡುವುದು ಒಳ್ಳೆಯದು.

ತೊಡಕುಗಳು

ಮೊದಲನೆಯ ತೊಡಕು ಉಸಿರು. ರಕ್ತನಾಳದಿಂದ ಒಂದು ಮಿಲಿಮೀಟರಿನ ಐದನೆಯ ಒಂದು ಪಾಲಿಗಿಂತ ದೂರವಿರುವ ಕೋಶಕ್ಕೆ ಆಮ್ಲಜನಕ ಸಾಲದು. ಹೀಗಾಗಿ ದಪ್ಪ ತೇಪೆಯ ನಡುಭಾಗ ಸತ್ತುಹೋಗುತ್ತದೆ; ಅದರೊಳಗೆ ರಕ್ತನಾಳಗಳು ಬೇಗ ಹಬ್ಬಬೇಕು. ಎರಡನೆಯದು ತಾಳ. ಹೊಸ ಸ್ನಾಯು ಹಳೆಯದರೊಂದಿಗೆ ಕೂಡಿ ಮಿಡಿಯದೆ ತನ್ನದೇ ತಾಳ ಹಿಡಿದರೆ ಪ್ರಾಣಕ್ಕೇ ಅಪಾಯ. ಅಮೆರಿಕದ ಸಿಯಾಟಲ್‌ನಲ್ಲಿ ಚಾರ್ಲ್ಸ್ ಮರ್ರಿ ತಂಡದವರು ೨೦೧೪ರಲ್ಲಿ ಕೋತಿಗಳ ಹೃದಯಕ್ಕೆ ೧೦೦ ಕೋಟಿ ಕೋಶಗಳನ್ನು ಸೇರಿಸಿದಾಗ ಹೊಸ ಸ್ನಾಯು ಚೆನ್ನಾಗಿ ಬೆಳೆದರೂ ಮಿಡಿತ ತಾಳ ತಪ್ಪಿತ್ತು. ಮೂರನೆಯದು ಗಡ್ಡೆ: ಎಳೆಯ ಆಕರಕೋಶಗಳು ಕೆಲವೇ ಉಳಿದುಕೊಂಡರೂ ಗಡ್ಡೆ ಕಟ್ಟಬಹುದು. ನಾಲ್ಕನೆಯದು ತಿರಸ್ಕಾರ: ಪರರ ಕೋಶಗಳಾದರೆ ಔಷಧದ ಅಂಕೆ ಬೇಕು, ರೋಗಿಯ ಕೋಶಗಳಿಂದಲೇ ಮಾಡುವುದಾದರೆ ತಿಂಗಳುಗಟ್ಟಲೆ ಕಾಲ, ಅಪಾರ ಹಣ ಬೇಕು.

ಮನುಷ್ಯರಲ್ಲಿ ಪರೀಕ್ಷೆ

ಪ್ಯಾರಿಸ್ಸಿನಲ್ಲಿ ಫಿಲಿಪ್ ಮೆನಾಶೆ ಅವರು ೨೦೧೪ರಲ್ಲಿ ಆಕರಕೋಶಗಳಿಂದ ಮಾಡಿದ ತೇಪೆಯನ್ನು ಮೊದಲ ರೋಗಿಗೆ ಹಾಕಿದರು. ೨೦೨೦ರ ಜನವರಿಯಲ್ಲಿ ಒಸಾಕಾದಲ್ಲಿ ಯೋಶಿಕಿ ಸಾವಾ ಅವರ ತಂಡ ಯಮನಾಕ ಕ್ರಮದ ಕೋಶಗಳ ಹಾಳೆಗಳನ್ನು ರೋಗಿಯ ಹೃದಯದ ಮೇಲೆ ಹಾಸಿತು. ಹಾಳೆಯಿಂದ ಒಸರುವ ದ್ರವ್ಯಗಳು ಹೊಸ ರಕ್ತನಾಳಗಳನ್ನು ಚಿಗುರಿಸಿ ದಣಿದ ಸ್ನಾಯುವಿಗೆ ಚೇತನ ಕೊಡುವುದೇ ಇಲ್ಲಿ ಮುಖ್ಯ ಲಾಭವೆಂದು ಅವರ ವಿವರಣೆ.

ಜರ್ಮನಿಯ ಗಟಿಂಗೆನ್‌ನಲ್ಲಿ ಸಿಮ್ಮರ್‌ಮನ್ ತಂಡದ ಗುರಿ ಇನ್ನೂ ಮುಂದಿನದು: ಹೊಸ ಸ್ನಾಯುವೇ ಉಳಿದು ದುಡಿಯಬೇಕು. ೨೦೨೫ರ ಜನವರಿಯಲ್ಲಿ 'ನೇಚರ್' ಪತ್ರಿಕೆಯಲ್ಲಿ ಅವರ ವರದಿ ಬಂದಿದೆ. ಕೋತಿಗಳಲ್ಲಿ ತೇಪೆಗಳು ಆರು ತಿಂಗಳವರೆಗೂ ಉಳಿದು ಹೃದಯದ ಗೋಡೆಯನ್ನು ದಪ್ಪಗೊಳಿಸಿದವು; ತಾಳವೂ ತಪ್ಪಲಿಲ್ಲ, ಗಡ್ಡೆಯೂ ಕಾಣಲಿಲ್ಲ. ತೇಪೆ ಹಾಕಿಸಿಕೊಂಡಿದ್ದ ಒಬ್ಬ ರೋಗಿಗೆ ಮೂರು ತಿಂಗಳ ಮೇಲೆ ದಾನದ ಹೃದಯ ದೊರೆಯಿತು. ತೆಗೆದ ಹಳೆಯ ಹೃದಯವನ್ನು ಪರೀಕ್ಷಿಸಿದಾಗ ತೇಪೆಯ ಸ್ನಾಯು ರಕ್ತನಾಳಗಳ ಸಮೇತ ಜೀವಂತವಾಗಿತ್ತು. ಇದು ದೊಡ್ಡ ಹೆಜ್ಜೆಯೇ ಸರಿ. ಆದರೆ ಇಂಥ ತೇಪೆ ಎಷ್ಟು ಆಯುಷ್ಯ ಕೊಡುತ್ತದೆ ಎಂದು ಹೇಳಲು ಬಹಳ ಜನರಲ್ಲಿ, ಬಹಳ ವರ್ಷ ಪರೀಕ್ಷೆ ನಡೆಯಬೇಕು.

ತೇಪೆಯಾಗುವ ಮುಂಚೆಯೇ ಈ ವಿದ್ಯೆ ಇನ್ನೊಂದು ಉಪಕಾರ ಮಾಡುತ್ತಿದೆ. ಪಾತ್ರೆಯಲ್ಲಿ ಮಿಡಿಯುವ ಮನುಷ್ಯನ ಸ್ನಾಯುವಿನ ಮೇಲೆ ಹೊಸ ಔಷಧಗಳ ಗುಣದೋಷ ನೋಡಬಹುದು. ವಂಶದಿಂದ ಬರುವ ಹೃದಯರೋಗಗಳ ಮೂಲ ಹುಡುಕಬಹುದು. ಬೆಂಗಳೂರಿನ ಇನ್‌ಸ್ಟೆಮ್ ಎಂಬ ಆಕರಕೋಶ ವಿಜ್ಞಾನ ಸಂಸ್ಥೆಯಲ್ಲಿಯೂ ಹೃದಯಸ್ನಾಯುವಿನ ವಂಶಪಾರಂಪರ್ಯ ರೋಗಗಳ ಸಂಶೋಧನೆ ನಡೆದಿದೆ.

ಹಣ ಕಳೆದುಕೊಳ್ಳುವ ಮುಂಚೆ

ಹೊಸ ವಿದ್ಯೆಯ ಹೆಸರಿನಲ್ಲಿ ಮೋಸವೂ ಬೆಳೆಯುತ್ತದೆ. ಮೂಳೆಮಜ್ಜೆಯ ಕೋಶಗಳು ಹೃದಯದ ಸ್ನಾಯುವಾಗುತ್ತವೆಂದು ೨೦೦೧ರಿಂದ ಅಮೆರಿಕದ ಒಂದು ಪ್ರಯೋಗಶಾಲೆ ಪ್ರಬಂಧಗಳನ್ನು ಬರೆಯಿತು. ಅದನ್ನು ನಂಬಿ ಎಷ್ಟೋ ಕಡೆ ಕೆಲಸ ನಡೆಯಿತು. ಕೊನೆಗೆ ೨೦೧೮ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆಯೇ ಆ ಪ್ರಯೋಗಶಾಲೆಯ ೩೧ ಪ್ರಬಂಧಗಳನ್ನು ಹಿಂತೆಗೆಯಬೇಕೆಂದು ಹೇಳಿತು. ವಿದ್ವಾಂಸರೇ ಮೋಸಹೋದ ಕಡೆ ಸಂಬಳದ ಜನ ನಾವು ಇನ್ನಷ್ಟು ಎಚ್ಚರದಿಂದಿರಬೇಕು.

ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ೨೦೧೭ರ ಮಾರ್ಗಸೂಚಿಯ ಪ್ರಕಾರ ಕೆಲವು ರಕ್ತರೋಗಗಳ ಚಿಕಿತ್ಸೆಯನ್ನು ಬಿಟ್ಟರೆ ಆಕರಕೋಶಗಳ ಬಳಕೆ ಅನುಮತಿ ಪಡೆದ ಪರೀಕ್ಷೆಯ ರೂಪದಲ್ಲಿ ಮಾತ್ರ ನಡೆಯಬೇಕು. ಅಂಥ ಪರೀಕ್ಷೆ ಸರಕಾರದ ದಾಖಲೆಯಲ್ಲಿ ನೋಂದಣಿಯಾಗಿರಬೇಕು, ಸಿ. ಟಿ. ಆರ್. ಐ. ಎಂಬ ಆ ದಾಖಲೆಯನ್ನು ಯಾರು ಬೇಕಾದರೂ ನೋಡಬಹುದು. ಪರೀಕ್ಷೆಗೊಳಗಾಗುವ ರೋಗಿಯಿಂದ ಆ ಚಿಕಿತ್ಸೆಗೆಂದು ಹಣ ಕೇಳುವುದು ಸಲ್ಲದು. ಆದುದರಿಂದ "ಸ್ಟೆಮ್ ಸೆಲ್ ಚುಚ್ಚಿ ಹೃದಯ ಹೊಸದು ಮಾಡುತ್ತೇವೆ, ಇಷ್ಟು ಲಕ್ಷ ತನ್ನಿ" ಎನ್ನುವವರ ಬಾಗಿಲಿಗೆ ಊರಿನ ಹೊಲ ಮಾರಿ, ಭವಿಷ್ಯನಿಧಿ ತೆಗೆದು ಹೋಗಬೇಡಿ. ನೋಂದಣಿಯ ಸಂಖ್ಯೆ ಕೇಳಿ. ದೊಡ್ಡ ಸರಕಾರಿ ಆಸ್ಪತ್ರೆಯ ಹೃದಯತಜ್ಞರನ್ನು ವಿಚಾರಿಸಿ.

ಇರುವ ಸ್ನಾಯುವನ್ನು ಉಳಿಸುವುದು

ಸತ್ತ ಸ್ನಾಯುವನ್ನು ನೇಯುವ ವಿದ್ಯೆ ಇನ್ನೂ ಬರಬೇಕಾಗಿದೆ. ಸಾಯದಂತೆ ತಡೆಯುವ ವಿದ್ಯೆ ಇಂದೇ ಇದೆ. ಮುಚ್ಚಿದ ಧಮನಿಯನ್ನು ಔಷಧದಿಂದಲೋ ಬಲೂನಿನಿಂದಲೋ ತೆರೆಯುವುದು ಎಷ್ಟು ಬೇಗ ಆದರೆ ಅಷ್ಟು ಸ್ನಾಯು ಉಳಿಯುತ್ತದೆ. ಆದರೆ ನಮ್ಮಲ್ಲಿ ಅನೇಕರು ಎದೆ ಬಿಗಿದಾಗ "ಗ್ಯಾಸು" ಎಂದು ಸೋಡಾ ಕುಡಿದು ಮಲಗುತ್ತಾರೆ. ರಜೆ ಹೋದೀತು, ಜೊತೆಯವರಿಗೆ ತೊಂದರೆಯಾದೀತು ಎಂದು ಬೆಳಗಿನವರೆಗೆ ಕಾಯುತ್ತಾರೆ. ಅಷ್ಟು ಹೊತ್ತಿಗೆ ಉಳಿಸಬಹುದಾಗಿದ್ದುದು ಬಹುಪಾಲು ಹೋಗಿರುತ್ತದೆ.

ಎದೆಯ ನಡುವೆ ಭಾರ ಇಟ್ಟಂತಾಗುವುದು, ನೋವು ಎಡತೋಳಿಗೋ ದವಡೆಗೋ ಹರಿಯುವುದು, ತಣ್ಣನೆಯ ಬೆವರು, ಉಸಿರು ಕಟ್ಟುವುದು ಇವು ಎಚ್ಚರಿಕೆಯ ಗುರುತುಗಳು. ಮಧುಮೇಹವುಳ್ಳವರಲ್ಲಿ, ಹೆಂಗಸರಲ್ಲಿ ನೋವಿಲ್ಲದೆ ಬರಿಯ ಆಯಾಸ, ಉಬ್ಬಸವೇ ಕಾಣಬಹುದು. ಹೀಗಾದಾಗ ಒಬ್ಬರೇ ಮೆಟ್ಟಿಲಿಳಿದು ಹೊರಡಬೇಡಿ. ಕೋಣೆಯ ಜೊತೆಗಾರರನ್ನು ಎಬ್ಬಿಸಿ, ೧೦೮ ಅಥವಾ ೧೧೨ಕ್ಕೆ ಫೋನ್ ಮಾಡಿಸಿ, ಇ. ಸಿ. ಜಿ. ತೆಗೆಯುವ ಆಸ್ಪತ್ರೆಗೆ ಹೋಗಿ. ಊರು ಬಿಟ್ಟು ಬಂದು ನಾಲ್ಕಾರು ಜನ ಒಂದೇ ಕೋಣೆಯಲ್ಲಿರುವವರು ಹತ್ತಿರದ ಅಂಥ ಆಸ್ಪತ್ರೆ ಯಾವುದೆಂದು ಇಂದೇ ತಿಳಿದು, ಅದರ ಹೆಸರು ಮತ್ತು ಮನೆಯವರ ಫೋನ್ ಸಂಖ್ಯೆಯನ್ನು ಬಾಗಿಲ ಹಿಂದೆ ಬರೆದು ಅಂಟಿಸಿಡಲಿ. ಬೀಡಿ ಸಿಗರೇಟು ಬಿಡುವುದು, ರಕ್ತದೊತ್ತಡ ಮತ್ತು ಸಕ್ಕರೆಯನ್ನು ಆಗಾಗ ನೋಡಿಸಿಕೊಳ್ಳುವುದು, ವೈದ್ಯರು ಕೊಟ್ಟ ಗುಳಿಗೆಯನ್ನು ತಪ್ಪಿಸದಿರುವುದು ಇವೂ ಸ್ನಾಯುವನ್ನು ಕಾಯುವ ಕೆಲಸಗಳೇ.