ವಿಮಾನ ಬಿದ್ದದ್ದು ಯಾರಿಂದ?



ಬೇಸಿಗೆ ರಜೆಯಲ್ಲಿ ನಮ್ಮ ದೊಡ್ಡಪ್ಪನ ಮಗ ಅಣ್ಣ ಬೆಂಗಳೂರಿನಿಂದ ರಿಮೋಟ್ ವಿಮಾನ ತಂದಿದ್ದ. ಒಂದು ವರ್ಷ ದುಡ್ಡು ಕೂಡಿಸಿ ತಾನೇ ಕಟ್ಟಿದ್ದು. ಒಣಗಿದ ಕೆರೆ ಅಂಗಳದಲ್ಲಿ ಹಾರಿಸಿದ. "ಚಕ್ರ ಮಡಚೋ ಸ್ವಿಚ್ಚು ನೀನೇ ಒತ್ತು" ಅಂದ. ನಾನು ಒತ್ತಿದೆ. ಅಷ್ಟೇ! ವಿಮಾನ ಮಾತು ಕೇಳದೆ ಹೋಗಿ ಜಾಲಿ ಮರಕ್ಕೆ ಬಡಿದು ಮುರಿಯಿತು. ಎಲ್ಲರೂ ನನ್ನ ಕಡೆಗೇ ಬೆರಳು ತೋರಿಸಿದರು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ನಿಜವಾಗಿ ಏನಾಯಿತು ಅಂತ ಹೇಳ್ತೀನಿ, ಕೇಳಿ.

ವಿಮಾನದೊಳಗೆ ರಿಮೋಟಿನ ಸಂದೇಶ ಹಿಡಿಯುವ ಸಣ್ಣ ಪೆಟ್ಟಿಗೆ ಇರುತ್ತದೆ. ಅದೇ ರಿಸೀವರ್. ರೆಕ್ಕೆ, ಬಾಲದ ಹಲಗೆಗಳನ್ನು ಆಡಿಸುವ ಪುಟ್ಟ ಮೋಟಾರಿಗೆ ಸರ್ವೋ ಎನ್ನುತ್ತಾರೆ. ಹಾರಿದ ಮೇಲೆ ಚಕ್ರವನ್ನು ಒಳಕ್ಕೆ ಮಡಚುವ ಯಂತ್ರ ರಿಟ್ರ್ಯಾಕ್ಟ್. ಅಣ್ಣ ಇವೆಲ್ಲಕ್ಕೂ ಒಂದೇ ಬ್ಯಾಟರಿ ಹಾಕಿದ್ದ. 1.2 ವೋಲ್ಟಿನ 4 ಸೆಲ್ಲು, ಒಟ್ಟು 4.8 ವೋಲ್ಟ್.

ಸರ್ವೋ ಸುಮ್ಮನಿದ್ದಾಗ ಎಳೆಯುವ ಕರೆಂಟು ಬಹಳ ಕಡಿಮೆ. ಸಿಕ್ಕಿಹಾಕಿಕೊಂಡು ಒದ್ದಾಡುವಾಗ ಒಂದೊಂದೂ 1 ಆಂಪಿಯರ್ ದಾಟಬಹುದು. ಪಂಪ್‌ಸೆಟ್ ಚಾಲೂ ಆದ ಕೂಡಲೇ ಮನೆ ಬಲ್ಬು ಮಂಕಾಗೋದು ನೋಡಿದ್ದೀರಲ್ಲ, ಇದೂ ಹಾಗೇ. ಓಮ್‌ನ ನಿಯಮ ಹಾಕಿ ನೋಡಿ. ಬ್ಯಾಟರಿ, ತಂತಿ, ಸ್ವಿಚ್ಚು ಎಲ್ಲಾ ಸೇರಿ ರೋಧ 0.3 ಓಮ್, ಕರೆಂಟು 5 ಆಂಪಿಯರ್ ಎಂದಿಟ್ಟುಕೊಳ್ಳಿ. 0.3 × 5 = 1.5 ವೋಲ್ಟ್ ದಾರಿಯಲ್ಲೇ ಹೋಯಿತು! ಉಳಿದದ್ದು 3.3. ಸುಮಾರು 3.5 ವೋಲ್ಟಿಗಿಂತ ಕೆಳಗಿಳಿದರೆ ಕೆಲವು ರಿಸೀವರ್‌ಗಳು ಆರಿಹೋಗುತ್ತವೆ. ಆಗ ರಿಮೋಟ್ ಎಷ್ಟು ಆಡಿಸಿದರೂ ಕೇಳುವವರೇ ಇಲ್ಲ.

ಮಾರನೇ ದಿನ ಅಣ್ಣ ಮುರಿದ ವಿಮಾನಕ್ಕೆ ಮಲ್ಟಿಮೀಟರ್ ಇಟ್ಟ. ಏಳುವಾಗ ಕಲ್ಲಿಗೆ ತಾಗಿ ಒಂದು ಚಕ್ರದ ಕಾಲು ಬಗ್ಗಿತ್ತು. ಮಡಚಲಾಗದೆ ರಿಟ್ರ್ಯಾಕ್ಟ್ ಒದ್ದಾಡುತ್ತಿತ್ತು. ಜೊತೆಗೆ ಸರ್ವೋಗಳನ್ನೂ ಆಡಿಸಿದಾಗ ಮೀಟರು 5ರಿಂದ 3.2ಕ್ಕೆ ಇಳಿಯಿತು, ರಿಸೀವರಿನ ದೀಪ ಆರಿತು. "ತಪ್ಪು ನಿಂದಲ್ಲ ಕಣೇ, ನಂದು" ಅಂದ ಅಣ್ಣ.

ಅಣ್ಣ ಹೇಳಿದ ಉಪಾಯಗಳು:

1. ರಿಟ್ರ್ಯಾಕ್ಟಿಗೆ ಬೇರೆ ಬ್ಯಾಟರಿ ಇರಲಿ. ಅದರ ಪ್ಲಸ್ ತಂತಿ ಬೇರೆ. ಆದರೆ ಎರಡೂ ಬ್ಯಾಟರಿಗಳ ಮೈನಸ್ ತಂತಿ ಕೂಡಿರಲೇಬೇಕು. ಇಲ್ಲದಿದ್ದರೆ ರಿಸೀವರಿನ ಸಿಗ್ನಲ್ ಅದಕ್ಕೆ ಮುಟ್ಟುವುದಿಲ್ಲ.

2. ತಂತಿ ದಪ್ಪವಾಗಿ, ಗಿಡ್ಡವಾಗಿ ಇರಲಿ. ಸ್ವಿಚ್ಚು, ಪಿನ್ನು ಸಡಿಲ ಇರಬಾರದು.

3. 5 ಸೆಲ್ಲು ಹಾಕಿದರೆ 6 ವೋಲ್ಟ್ ಸಿಗುತ್ತೆ. ಸರ್ವೋ ಅಷ್ಟು ತಡೆಯುತ್ತಾ ಅಂತ ಮೊದಲು ನೋಡಿಕೊಳ್ಳಿ.

4. ಹಾರಿಸುವ ಮೊದಲು ನೆಲದ ಮೇಲೇ ಎಲ್ಲವನ್ನೂ ಒಟ್ಟಿಗೆ ಆಡಿಸಿ ಮೀಟರು ನೋಡಿ. ಸುಮ್ಮನಿರುವಾಗ ತೋರಿಸುವ ವೋಲ್ಟೇಜನ್ನು ನಂಬಬೇಡಿ.

ದಸರಾ ರಜೆಗೆ ಅಣ್ಣ ಹೊಸ ವಿಮಾನ ಕಟ್ಟಿ ತರ್ತಾನಂತೆ. ಚಕ್ರದ ಸ್ವಿಚ್ಚು ಈ ಸಲವೂ ನಾನೇ ಒತ್ತಬೇಕಂತೆ! ನೀವೆಲ್ಲ ನೋಡೋಕೆ ಬನ್ನಿ.

— 10ನೇ ತರಗತಿ ವಿದ್ಯಾರ್ಥಿನಿ