ಚೈತ್ರದ ಬಿಸಿಲು ಮತ್ತು ದ್ರಾಕ್ಷಿಯ ಚಪ್ಪರ

ಮಡಿವಾಳಕ್ಕೆ ಹೊಂದಿಕೊಂಡಿರುವ ಕೋರಮಂಗಲದ ಒಂದು ಭಾಗಕ್ಕೆ ‘ಗ್ರೇಪ್ ಗಾರ್ಡನ್’ ಎಂಬ ಹೆಸರು ಇಂದಿಗೂ ಉಳಿದಿದೆಯಾದರೂ, ಶಿವರಾತ್ರಿಯ ಹೊತ್ತಿಗೆ ಮಡಿವಾಳದ ಮಾರುಕಟ್ಟೆಯಲ್ಲಿ ರಾಶಿ ಬೀಳುವ ಕಪ್ಪು ದ್ರಾಕ್ಷಿ ಈಗ ಚಿಕ್ಕಬಳ್ಳಾಪುರ, ದೇವನಹಳ್ಳಿ, ದೊಡ್ಡಬಳ್ಳಾಪುರಗಳ ಕಡೆಯಿಂದ ಬರಬೇಕಾಗಿದೆ. ಹಾಪ್‌ಕಾಮ್ಸ್ ಸಂಸ್ಥೆಯು 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿಯೇ ಹುಟ್ಟಿತೆಂಬುದನ್ನು ನೆನೆದರೆ, ಈ ಬೆಳೆ ಬೆಂಗಳೂರಿಗೆ ಎಷ್ಟು ಹತ್ತಿರದ್ದೆಂಬುದು ತಿಳಿಯುತ್ತದೆ. ಬೀಜವುಳ್ಳ, ದಪ್ಪ ಸಿಪ್ಪೆಯ, ತನ್ನದೇ ಪರಿಮಳದ ‘ಬೆಂಗಳೂರು ಬ್ಲೂ’ ತಳಿಗೆ 2013ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆತಿದೆ.

ಈ ಬೆಳೆಯ ಮೇಲೆ ಬಿಸಿಲಿನ ಪರಿಣಾಮ ಎಲ್ಲೆಡೆ ಒಂದೇ ಬಗೆಯದಲ್ಲ. ಚಳಿನಾಡುಗಳಲ್ಲಿ ದ್ರಾಕ್ಷಿ ಬಳ್ಳಿಯು ಚಳಿಗಾಲದಲ್ಲಿ ಎಲೆಯುದುರಿಸಿ ಮಲಗಿ, ವಸಂತದ ಬಿಸಿಗೆ ಚಿಗುರುತ್ತದೆ. ಅಲ್ಲಿ ಬಿಸಿ ಬೇಗನೆ ಬಂದರೆ ಎಳೆ ಚಿಗುರು ಅನಂತರದ ಹಿಮಕ್ಕೆ ಸಿಲುಕುತ್ತದೆ, 2021ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ತೋಟಗಳಿಗೆ ಆದ ನಷ್ಟ ಇಂಥದ್ದೇ. ಕರ್ನಾಟಕದಲ್ಲಿ ಬಳ್ಳಿ ಹಾಗೆ ಮಲಗುವುದಿಲ್ಲ. ಇಲ್ಲಿ ಬಳ್ಳಿಯ ವರ್ಷವನ್ನು ನಿರ್ಧರಿಸುವುದು ಕತ್ತರಿ, ಅಂದರೆ ಬೆಳೆಗಾರರು ಚಾಟ್ನಿ ಎನ್ನುವ ಸವರುವಿಕೆ; ಆದ್ದರಿಂದ ಬಿಸಿಲು ಬಳ್ಳಿಯ ಯಾವ ಹಂತದಲ್ಲಿ ಬಂದೆರಗಿತು ಎಂಬುದು, ಅದು ಎಷ್ಟು ಡಿಗ್ರಿಯದು ಎಂಬುದರಷ್ಟೇ ಮುಖ್ಯವಾಗುತ್ತದೆ.

ದ್ರಾಕ್ಷಿಯ ಎಲೆಯು ಸುಮಾರು 25ರಿಂದ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಆಹಾರವನ್ನು ಚೆನ್ನಾಗಿ ತಯಾರಿಸುತ್ತದೆ. 35 ಡಿಗ್ರಿ ದಾಟಿದರೆ ನೀರನ್ನು ಉಳಿಸಿಕೊಳ್ಳಲು ಎಲೆಯ ಸೂಕ್ಷ್ಮ ರಂಧ್ರಗಳು ಮುಚ್ಚಿಕೊಳ್ಳುವುದರಿಂದ ಆ ಕೆಲಸ ಕುಗ್ಗುತ್ತದೆ. ಬೆಂಗಳೂರಿನಲ್ಲಿ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ದಾಖಲಾಗಿತ್ತು. ನೆರಳಿನಲ್ಲಿ ಅಳೆದ ಈ ಉಷ್ಣತೆಗಿಂತ ನೇರ ಬಿಸಿಲಿಗೆ ಒಡ್ಡಿಕೊಂಡ ಹಣ್ಣಿನ ಮೈ ಹತ್ತು ಡಿಗ್ರಿಯಷ್ಟು ಹೆಚ್ಚು ಕಾಯಬಲ್ಲದು, ಆಗ ಸಿಪ್ಪೆ ಕಂದಿ ಸುಕ್ಕುಗಟ್ಟುತ್ತದೆ. ತಂತಿಯ ಮೇಲೆ ಹರಡಿದ ಎಲೆಗಳ ಕೆಳಗೆ ಗೊಂಚಲುಗಳು ತೂಗುವಂತೆ ಕಟ್ಟುವ ಚಪ್ಪರ ಪದ್ಧತಿಯ ದೊಡ್ಡ ಗುಣ ಈ ನೆರಳಿನಲ್ಲಿಯೇ ಇದೆ.

ಕಾಯಿ ಮೆತ್ತಗಾಗಿ ಬಣ್ಣ ತಿರುಗುವ ಹಂತದಲ್ಲಿ ಸೆಖೆ ಹೆಚ್ಚಿದರೆ ಪರಿಣಾಮ ಇನ್ನೂ ಸೂಕ್ಷ್ಮವಾದುದು. ಹುಳಿಯನ್ನು ಕೊಡುವ ಮ್ಯಾಲಿಕ್ ಆಮ್ಲವು ಬಿಸಿಯಲ್ಲಿ ಬೇಗನೆ ಕರಗಿಹೋಗುತ್ತದೆ. ಸಿಪ್ಪೆಗೆ ಕಪ್ಪು-ನೀಲಿ ಬಣ್ಣ ನೀಡುವ ಆಂಥೋಸಯಾನಿನ್ ಎಂಬ ವರ್ಣದ್ರವ್ಯದ ತಯಾರಿಕೆಯು 35 ಡಿಗ್ರಿಯಾಚೆ ಕುಂದುತ್ತದೆ, ರಾತ್ರಿಗಳೂ ತಂಪಾಗದಿದ್ದರೆ ಮತ್ತಷ್ಟು ಹಿಂದೆ ಬೀಳುತ್ತದೆ. ಹೀಗಾಗಿ ಸಕ್ಕರೆ ತುಂಬಿಯೂ ಬಣ್ಣ ಬಾರದ ಹಣ್ಣು ಗೊಂಚಲಿನಲ್ಲಿ ಉಳಿಯುತ್ತದೆ. ಮೊದಲೇ ಒಂದೇ ಸಮನಾಗಿ ಮಾಗದ ಬೆಂಗಳೂರು ಬ್ಲೂ ತಳಿಯಲ್ಲಿ ಇದು ಎದ್ದು ಕಾಣುತ್ತದೆ.

ವಿಜಯಪುರದ ಕಡೆ ಕೊಯ್ಲು ಮುಗಿದ ಮೇಲೆ ಏಪ್ರಿಲ್‌ನಲ್ಲಿ ಒಂದು ಚಾಟ್ನಿ, ಅಕ್ಟೋಬರ್‌ನಲ್ಲಿ ಫಲಕ್ಕಾಗಿ ಇನ್ನೊಂದು. ಮೊದಲನೆಯದರಲ್ಲಿ ಎಲೆಯ ಹೊದಿಕೆ ಕಳೆದುಕೊಂಡ ತೋಳುಗಳು, ಅಂದರೆ ಚಪ್ಪರದ ಮೇಲೆ ಹಬ್ಬಿದ ಮುಖ್ಯ ಕವಲುಗಳು, ಉರಿಬಿಸಿಲಿಗೆ ಬೀಳುವುದರಿಂದ ತೊಗಟೆ ಸುಟ್ಟು, ಅಲ್ಲಿನ ಕಣ್ಣುಗಳು ಸತ್ತು, ಮುಂದಿನ ವರ್ಷಗಳವರೆಗೂ ಕಾಡುವ ಗಾಯ ಉಳಿಯಬಹುದು. ಆದರೆ ಇದೇ ಬಿಸಿಲೇ ಮುಂದಿನ ಫಸಲಿನ ಅಡಿಪಾಯವೂ ಹೌದು: ಚಾಟ್ನಿಯಾದ ಸುಮಾರು 40ರಿಂದ 60 ದಿನಗಳ ನಡುವೆ ಹೊಸ ಕಡ್ಡಿಯ ಕಣ್ಣುಗಳೊಳಗೆ ಮುಂದಿನ ಗೊಂಚಲಿನ ಮೊಳಕೆ ರೂಪುಗೊಳ್ಳುತ್ತದೆ, ಆಗ ಮೋಡ ಕವಿದರೆ ಕಣ್ಣುಗಳು ಬರಡಾಗಿ, ಹಣ್ಣಿನ ಬದಲು ಬಳ್ಳಿಕುಡಿಯನ್ನೇ ಬಿಡುತ್ತವೆ. ಬಿಸಿಲನ್ನು ಬರಿಯ ಶತ್ರುವೆಂದು ಬರೆದುಬಿಡುವ ವರದಿಗಳು ಈ ಮಾತನ್ನು ಮರೆಯುತ್ತವೆ. ಒಣದ್ರಾಕ್ಷಿಗೂ ಅದೇ ಜಿಲ್ಲೆಯ ಒಣ ಹವೆ ಬೇಕೇಬೇಕು.

ಬೆಳೆಗಾರನ ಕೈಯಲ್ಲಿರುವುದು ಹೊತ್ತು, ನೆರಳು ಮತ್ತು ನೀರು. ಸವರಿದ ತೋಳುಗಳ ಮೇಲೆ ನೀರು ಚಿಮುಕಿಸುವುದು, ಬುಡಕ್ಕೆ ಕಬ್ಬಿನ ರವದಿ ಹೊದಿಸುವುದು, ಬರ ತಾಳುವ ‘ಡಾಗ್‌ರಿಡ್ಜ್’ ಬೇರುಗಿಡದ ಮೇಲೆ ಕಸಿ ಮಾಡುವುದು ಇವೆಲ್ಲ ಫಲ ಕೊಡುವ ಉಪಾಯಗಳೇ. ಆದರೆ ಕೊಳವೆಬಾವಿ ಬತ್ತಿದ ತೋಟಕ್ಕೆ ಇವು ಯಾವುವೂ ಸಾಲವು. ಗ್ರಾಹಕರಿಗೂ ಒಂದು ಮಾತು ಹೇಳಬೇಕು: ಗಟ್ಟಿಯಾದ ಹಸಿರು ಕಾಯಿ ನಿಜಕ್ಕೂ ಹುಳಿಯೇ, ಆದರೆ ಮೆತ್ತಗಾಗಿ ಕೆಂಪಾಗಿಯಷ್ಟೇ ಉಳಿದ ಹಣ್ಣು ಬಹುಪಾಲು ಸೆಖೆಯ ಗುರುತು, ಮಡಿವಾಳದ ಗಾಡಿಯ ಮುಂದೆ ಅಂಥ ಗೊಂಚಲನ್ನು ಬದಿಗೆ ಸರಿಸುವ ಮುನ್ನ ಒಂದು ಹಣ್ಣನ್ನು ತಿಂದು ನೋಡಬೇಕು.