ನೋಡುಗರ ನಿರೀಕ್ಷೆಯೆಂಬ ಬಂಡವಾಳ

ಅನಿಮೇಷನ್ ಚಿತ್ರವೆಂದರೆ ಮಕ್ಕಳ ಮನರಂಜನೆ, ಅದರಲ್ಲಿ ದೊಡ್ಡ ವ್ಯಾಪಾರವಿಲ್ಲ ಎಂಬ ಭಾವನೆ ನಮ್ಮಲ್ಲಿ ಬಹುಕಾಲ ಬೇರೂರಿತ್ತು. 2025ರ ಜುಲೈ 25ರಂದು ಕನ್ನಡವೂ ಸೇರಿ ಐದು ಭಾಷೆಗಳಲ್ಲಿ ತೆರೆಕಂಡ ‘ಮಹಾವತಾರ ನರಸಿಂಹ’ ಅದನ್ನು ಅಲುಗಾಡಿಸಿತು. ಅಶ್ವಿನ್ ಕುಮಾರ್ ನಿರ್ದೇಶಿಸಿದ, ಕರ್ನಾಟಕದ ಹೊಂಬಾಳೆ ಫಿಲಂಸ್ ಅರ್ಪಿಸಿದ ಈ ಚಿತ್ರದ ಆರಂಭ ಸಾಧಾರಣವಾಗಿತ್ತು. ನೋಡಿದವರ ಬಾಯಿಮಾತೇ ಪ್ರಚಾರವಾಗಿ ಒಟ್ಟು ಗಳಿಕೆ 300 ಕೋಟಿ ರೂಪಾಯಿ ದಾಟಿತು. ಭಾರತೀಯ ಅನಿಮೇಷನ್ ಚಿತ್ರಗಳಲ್ಲಿ ಇದು ದಾಖಲೆ.

ಇದರ ಮರ್ಮ ನಮ್ಮ ಭಾಗದವರಿಗೆ ಹೊಸದಲ್ಲ. ಬೀದರಿನ ಝರಣಿ ನರಸಿಂಹನ ಗುಹೆಯಲ್ಲಿ ಎದೆಮಟ್ಟದ ನೀರಿನಲ್ಲಿ ನಡೆದು ದರ್ಶನ ಪಡೆಯುವ ಕುಟುಂಬಗಳಿಗೆ ಪ್ರಹ್ಲಾದನ ಕಥೆ ಬಾಯಿಪಾಠ. ಕಥೆ ಗೊತ್ತಿದ್ದವರ ನಿರೀಕ್ಷೆ ಒಂದೇ: ತಮ್ಮ ಮನದ ಚಿತ್ರಕ್ಕೆ ಕುಂದು ಬರಬಾರದು. ಚಿತ್ರಮಂದಿರಗಳಲ್ಲಿ ಜಯಘೋಷ ಮೊಳಗಿತು. ಅನಿಮೇಷನ್ನಿನ ಗುಣಮಟ್ಟ ಎಲ್ಲೆಡೆ ಸಮನಾಗಿಲ್ಲವೆಂಬ ಟೀಕೆಯೂ ಬಂದಿತು. ಆದರೂ ಜನ ಮನ್ನಿಸಿದರು.

ಕೊಹಿನೂರದಂತಹ ಊರಿನಿಂದ ಮನೆಮಂದಿಯೆಲ್ಲ ಚಿತ್ರ ನೋಡಲು ಹೊರಟರೆ ಟಿಕೆಟ್, ಪ್ರಯಾಣ, ತಿಂಡಿ, ಅರ್ಧ ದಿನದ ದುಡಿಮೆ ಎಲ್ಲವೂ ಖರ್ಚೇ. ಅಜ್ಜಿಯೂ ಮೊಮ್ಮಗನೂ ಒಪ್ಪಿದ ವಸ್ತುವಿಗೆ ಮಾತ್ರ ಯಜಮಾನ ಕೈಚೀಲ ಬಿಚ್ಚುತ್ತಾನೆ.

ಲೆಕ್ಕದ ಒಂದು ಎಚ್ಚರಿಕೆಯೂ ಅಗತ್ಯ. ಒಟ್ಟು ಗಳಿಕೆ ಲಾಭವಲ್ಲ. 100 ರೂಪಾಯಿ ಮೀರಿದ ಟಿಕೆಟ್ಟಿಗೆ ಶೇ. 18 ಜಿಎಸ್‌ಟಿ ಉಂಟು. ಅದರೊಳಗಿನ ಟಿಕೆಟ್ಟಿಗೆ ಶೇ. 12 ಇದ್ದುದು 2025ರ ಸೆಪ್ಟೆಂಬರ್ 22ರಿಂದ ಶೇ. 5ಕ್ಕೆ ಇಳಿದಿದೆ. ತೆರಿಗೆ, ಚಿತ್ರಮಂದಿರದ ಪಾಲು, ವಿತರಕರ ಕಮಿಷನ್ ಕಳೆದ ಮೇಲೆಯೇ ನಿರ್ಮಾಪಕರ ಸರದಿ. ನಮ್ಮ ವಹಿವಾಟನ್ನೂ ಮಾರಾಟದ ಮೊತ್ತದಿಂದಲೇ ಅಳೆದು ಹಿಗ್ಗುವುದು ಸಲ್ಲದು.

ಈ ಮಾಲಿಕೆಯ ಮುಂದಿನ ಚಿತ್ರ ‘ಮಹಾವತಾರ ಪರಶುರಾಮ’ವನ್ನು 2027ಕ್ಕೆ ಘೋಷಿಸಲಾಗಿದೆ, ಮಾಲಿಕೆಯ ಯೋಜನೆ 2037ರವರೆಗೆ ಚಾಚಿದೆ. ಮೊದಲ ಬಾರಿ ಮನ್ನಿಸಿದ ನೋಡುಗರು ಎರಡನೆಯ ಬಾರಿ ತೂಗಿ ನೋಡುತ್ತಾರೆ. ತೊಗರಿಬೇಳೆಯ ಮೊದಲ ಚೀಲದಿಂದ ಗಳಿಸಿದ ಹೆಸರು ಎರಡನೆಯ ಚೀಲದಲ್ಲಿ ಹೋಗಬಹುದು. ಹಣ ಕೊಟ್ಟು ಕೊಳ್ಳದ, ತಾನೇ ಗಳಿಸಿದ ಗುಡ್‌ವಿಲ್ಲನ್ನು ಅಢಾವೆ ಪತ್ರಿಕೆಯಲ್ಲಿ ತೋರಿಸಲು ಲೆಕ್ಕಪತ್ರದ ನಿಯಮ ಒಪ್ಪುವುದಿಲ್ಲ. ಅದು ಕರಗಿದಾಗಲೂ ಪುಸ್ತಕ ಹೇಳುವುದಿಲ್ಲ, ಗಲ್ಲಾಪೆಟ್ಟಿಗೆ ಹೇಳುತ್ತದೆ. ವರ್ತಕ ಬಾಂಧವರು ಅದಕ್ಕೂ ಮುನ್ನವೇ ಗ್ರಾಹಕರ ಮಾತಿಗೆ ಕಿವಿಗೊಡುವುದು ಒಳಿತು.